ತುದಿ ಚಪ್ಪಟೆ ಇದ್ದರೆ ಅನುಮಾನ ಪಡಿ

ಮಲ್ಲೇಶ್ವರಂನ 6ನೇ ಕ್ರಾಸ್‌ನಲ್ಲಿ ಶಾಲಾ ಪರೀಕ್ಷೆ ಮತ್ತು ಮೌಲ್ಯನಿರ್ಣಯ ಮಂಡಳಿ. ಅಲ್ಲಿಂದ ಸಂಪಿಗೆ ರಸ್ತೆ ಹಿಡಿದು ನಡೆದರೆ 18ನೇ ಕ್ರಾಸ್‌ನಲ್ಲಿ ಕರ್ನಾಟಕ ಪರೀಕ್ಷಾ ಪ್ರಾಧಿಕಾರ. ಎಸ್ಸೆಸ್ಸೆಲ್ಸಿ, ಪಿಯುಸಿ, ಸಿಇಟಿ – ಬೀದರ್‌ನಿಂದ ಚಾಮರಾಜನಗರದವರೆಗಿನ ಮಕ್ಕಳ ಎದೆಬಡಿತ ಏರಿಸೋ ಮೂರೂ ಪರೀಕ್ಷೆಗಳ ವಿಳಾಸ ಒಂದೇ ಬಡಾವಣೆ.

ಹಾಗಂತ ಫಲಿತಾಂಶದ ದಿನ ಅಲ್ಲಿ ಹೋಗಿ ನೋಡಿದರೆ ಒಂದೆರಡು ಟಿವಿ ವ್ಯಾನು ಬಿಟ್ಟರೆ ವಿಶೇಷ ಏನೂ ಕಾಣಲ್ಲ. ಹೂವಿನವರು ಹೂ ಮಾರ್ತಿರ್ತಾರೆ, ಬಸ್ಸಿಗೆ ಕಾಯೋರು ಕಾಯ್ತಿರ್ತಾರೆ. ಶಾಲೆಯ ನೋಟಿಸ್ ಬೋರ್ಡ್ ಮುಂದೆ ಭುಜಕ್ಕೆ ಭುಜ ತಾಗಿಸಿ ನಂಬರ್ ಹುಡುಕ್ತಿದ್ದ ಜನ ಈಗ ಫೋನಿನೊಳಗೆ ನಿಂತಿರ್ತಾರೆ. ಜಾತ್ರೆ ನಡೆಯೋದು ಸರ್ವರ್ ಮುಂದೆ. ಆ ಜಾತ್ರೆ ಕಾಣೋದು ಒಂದೇ ಒಂದು ಕಡೆ: ಗ್ರಾಫಿನಲ್ಲಿ.

ಇಂಥ ಗ್ರಾಫುಗಳನ್ನು ಕಾಯೋದೇ ನನ್ನ ಹೊಟ್ಟೆಪಾಡು. ಸರ್ವರ್‌ಗೆ ಎಷ್ಟು ಜನ ಬಂದ್ರು, ಎಷ್ಟು ಜನಕ್ಕೆ ಉತ್ತರ ಸಿಕ್ತು, ಎಷ್ಟು ಹೊತ್ತು ಹಿಡೀತು ಅಂತ ಗೆರೆಗಳಲ್ಲಿ ಓದೋ ಕೆಲಸ. ನಿಮ್ಮಲ್ಲೂ ಅರ್ಧ ಜನ ಯಾವುದೋ ಒಂದು ಡ್ಯಾಶ್‌ಬೋರ್ಡ್ ತೆರೆದಿಟ್ಟುಕೊಂಡೇ ಇದನ್ನು ಓದ್ತಿರಬಹುದು. ಈ ಸಲದ ಅಂಕಣ ಆ ಗೆರೆಗಳ ಬಗ್ಗೆ, ಅದರಲ್ಲೂ ಗೆರೆಯೊಳಗೆ ಸೇರದೇ ಹೋಗೋ ಜನರ ಬಗ್ಗೆ.

ಒಂದು ಸಣ್ಣ ಲೆಕ್ಕ

2024ರ ಮೇ 9ರಂದು ಎಸ್ಸೆಸ್ಸೆಲ್ಸಿ ಫಲಿತಾಂಶ ಬಂತು. ಆ ವರ್ಷ ಪರೀಕ್ಷೆ ಬರೆದವರು ಸುಮಾರು 8.6 ಲಕ್ಷ. ಅವರಲ್ಲಿ ಅರ್ಧದಷ್ಟು ಮಕ್ಕಳು ಮೊದಲ ಕಾಲು ಗಂಟೆಯಲ್ಲೇ ತಲಾ ಒಂದು ಸಲ ಪುಟ ತೆರೆದ್ರು ಅಂತ ಇಟ್ಟುಕೊಳ್ಳೋಣ (ಇದು ನನ್ನ ಊಹೆ, ಲೆಕ್ಕಕ್ಕೆ ಮಾತ್ರ). 4.3 ಲಕ್ಷವನ್ನು 900 ಸೆಕೆಂಡಿಗೆ ಭಾಗಿಸಿದರೆ ಸೆಕೆಂಡಿಗೆ ಹತ್ತಿರ ಹತ್ತಿರ 480 ಜನ.

ಇಷ್ಟೇನಾ ಅನ್ನಬೇಡಿ. ಒಂದು ಪುಟ ಅಂದ್ರೆ ಒಂದೇ ಕೋರಿಕೆ ಅಲ್ಲ. ಅಕ್ಷರ, ಲಾಂಛನ, ಬಣ್ಣ, ಸ್ಕ್ರಿಪ್ಟು ಎಲ್ಲವೂ ಬೇರೆ ಬೇರೆಯಾಗಿ ಬರುತ್ತವೆ. ಪುಟಕ್ಕೆ 10 ಕೋರಿಕೆ ಅಂದ್ರೂ ಸೆಕೆಂಡಿಗೆ 4,800. ಜೊತೆಗೆ ಅಪ್ಪ ಆಫೀಸಿನಿಂದ, ಅಮ್ಮ ಅಡುಗೆಮನೆಯಿಂದ, ಮಾವ ಮೈಸೂರಿನಿಂದ ಅದೇ ನಂಬರ್ ಹಾಕ್ತಾರೆ. ಪುಟ ಎರಡು ಸೆಕೆಂಡ್ ತಡ ಆದ್ರೆ ಎಲ್ಲರೂ ರಿಫ್ರೆಶ್ ಒತ್ತುತ್ತಾರೆ. ಹಾಗೆ ಒತ್ತಿದ್ದು ಪ್ರತಿಯೊಂದೂ ಹೊಸ ಕೋರಿಕೆಯೇ. ತಡ ಆದಷ್ಟೂ ಒತ್ತೋರು ಜಾಸ್ತಿ, ಒತ್ತೋರು ಜಾಸ್ತಿ ಆದಷ್ಟೂ ತಡ.

ವರ್ಷದಲ್ಲಿ ಒಂದೆರಡು ದಿನ, ಆ ದಿನದಲ್ಲೂ ಅರ್ಧ ಮುಕ್ಕಾಲು ಗಂಟೆ. ಉಳಿದ ಹೊತ್ತೆಲ್ಲ ಆ ಸರ್ವರ್‌ಗೆ ನೊಣ ಹೊಡೆಯೋ ಕೆಲಸ. ಇಂಥದ್ದನ್ನು ಗ್ರಾಫಿನಲ್ಲಿ ಓದೋದು ಸುಲಭ ಅಲ್ಲ. ಯಾಕೆ ಅನ್ನೋಕೆ ಗ್ರಾಫ್ ಹೇಗೆ ಹುಟ್ಟುತ್ತೆ ಅಂತ ಸ್ವಲ್ಪ ನೋಡೋಣ.

64 ಕಿಲೋಬಿಟ್‌ನ ಕುತೂಹಲ

ನೀವು ಒಂದು ಪುಟ ತೆರೆದಾಗ ಸರ್ವರ್ ತನ್ನ ಕಡತದಲ್ಲಿ ಒಂದು ಸಾಲು ಬರೆದುಕೊಳ್ಳುತ್ತೆ. ಯಾವ ವಿಳಾಸದಿಂದ ಬಂದ್ರು, ಎಷ್ಟು ಗಂಟೆಗೆ, ಯಾವ ಪುಟ ಕೇಳಿದ್ರು, ಕೊಟ್ಟ ಉತ್ತರದ ಸಂಕೇತ ಏನು. 200 ಅಂದ್ರೆ ಸರಿಯಾಗಿ ಸಿಕ್ತು, 404 ಅಂದ್ರೆ ಅಂಥ ಪುಟ ಇಲ್ಲ, 503 ಅಂದ್ರೆ ಈಗ ಆಗಲ್ಲ, ಆಮೇಲೆ ಬನ್ನಿ. ನಮ್ಮ ಕಿರಾಣಿ ಅಂಗಡಿಯ ಚಿಟ್ಟಾ ಪುಸ್ತಕದ ಥರ. ಆ ಸಾಲುಗಳನ್ನು ನಿಮಿಷಕ್ಕೆ ಇಷ್ಟು ಅಂತ ಎಣಿಸಿ, ಚುಕ್ಕಿ ಇಟ್ಟು, ಚುಕ್ಕಿಗಳನ್ನು ಸೇರಿಸಿದರೆ ಗ್ರಾಫ್.

ಇದನ್ನು ಮನೆಮಾತು ಮಾಡಿದ್ದು ಟೋಬಿ ಓಟಿಕರ್ ಅನ್ನೋ ಎಂಜಿನಿಯರ್. ಇಂಗ್ಲೆಂಡಿನ ಡಿ ಮಾಂಟ್‌ಫೋರ್ಟ್ ವಿಶ್ವವಿದ್ಯಾಲಯದಲ್ಲಿ ಕೆಲಸ ಮಾಡ್ತಿದ್ದಾಗ, 1994ರಲ್ಲಿ, ಅಲ್ಲಿಂದ ಹೊರಜಗತ್ತಿಗೆ ಇದ್ದದ್ದು ಒಂದೇ 64 ಕಿಲೋಬಿಟ್ ಲೈನು. ಲೈನು ಎಷ್ಟು ತುಂಬಿದೆ ಅನ್ನೋದು ಎಲ್ಲರಿಗೂ ಕುತೂಹಲ. ಅವರು ಒಂದು ಪುಟ್ಟ ಪ್ರೋಗ್ರಾಂ ಬರೆದು, ಅದರ ಗ್ರಾಫ್ ತಾನಾಗಿ ಬದಲಾಗ್ತಾ ಇರೋ ಹಾಗೆ ವೆಬ್ ಪುಟದಲ್ಲಿ ಹಾಕಿದ್ರು. 1995ರಲ್ಲಿ ಅದು ಎಲ್ಲರಿಗೂ ಉಚಿತವಾಗಿ ಸಿಕ್ತು. ಹೆಸರು ಎಂಆರ್‌ಟಿಜಿ. ಒಳಬರೋ ಟ್ರಾಫಿಕ್‌ಗೆ ಹಸಿರು, ಹೊರಹೋಗೋದಕ್ಕೆ ನೀಲಿ. ಸೈಬರ್ ಕೆಫೆ ಕಾಲದಲ್ಲಿ ನೆಟ್‌ವರ್ಕ್ ಕೆಲಸ ಮಾಡಿದವರಿಗೆ ಆ ಹಸಿರು ಗುಡ್ಡ, ನೀಲಿ ಗೆರೆ ಕಣ್ಣಿಗೆ ಕಟ್ಟಿದ ಹಾಗಿರುತ್ತೆ.

ಆಮೇಲೆ ಅದೇ ಓಟಿಕರ್ 1999ರಲ್ಲಿ ಆರ್‌ಆರ್‌ಡಿಟೂಲ್ ಕೊಟ್ರು. ಈಗ ನಮ್ಮ ಆಫೀಸುಗಳಲ್ಲಿ ಪ್ರೊಮೀಥಿಯಸ್, ಗ್ರಫಾನಾ. ಬಣ್ಣ ಬದಲಾಗಿದೆ, ಕಪ್ಪು ಹಿನ್ನೆಲೆ ಬಂದಿದೆ, ಆದ್ರೆ ಒಳಗಿನ ಕೆಲಸ ಅದೇ – ಎಣಿಸು, ಭಾಗಿಸು, ಚುಕ್ಕಿ ಇಡು.

ಭಾಗಿಸೋ ಜಾಗದಲ್ಲೇ ಮೊದಲ ಎಡವಟ್ಟು.

ಹಳೆಯದಾದ ಹಾಗೆ ಮರೆಯೋ ಗ್ರಾಫ್

ಎಂಆರ್‌ಟಿಜಿ ಒಂದೇ ಸಂಗತಿಗೆ ನಾಲ್ಕು ಚಿತ್ರ ಕೊಡ್ತಿತ್ತು. ದಿನದ ಚಿತ್ರದಲ್ಲಿ 5 ನಿಮಿಷದ ಸರಾಸರಿ, ವಾರದ್ದರಲ್ಲಿ 30 ನಿಮಿಷದ್ದು, ತಿಂಗಳದ್ದರಲ್ಲಿ 2 ಗಂಟೆಯದ್ದು, ವರ್ಷದ್ದರಲ್ಲಿ ಇಡೀ ದಿನದ್ದು. ಆಗ ಡಿಸ್ಕ್ ದುಬಾರಿ. ಹಳೇ ಅಂಕಿಗಳನ್ನು ಹಾಗೇ ಇಟ್ಟುಕೊಂಡರೆ ಜಾಗ ಸಾಲಲ್ಲ. ಅದಕ್ಕೆ ಹಳೆಯದಾದಂತೆ ಸೇರಿಸಿ ಸರಾಸರಿ ಮಾಡಿ, ಮೂಲವನ್ನು ಬಿಸಾಕೋದು. ಜಾಣತನದ ಉಪಾಯವೇ.

ಆದ್ರೆ ಫಲಿತಾಂಶದ ದಿನಕ್ಕೆ ಇದು ಏನು ಮಾಡುತ್ತೆ ನೋಡಿ. ಒಂದು ಸರ್ವರ್‌ಗೆ ಮಾಮೂಲಾಗಿ ಸೆಕೆಂಡಿಗೆ 10 ಕೋರಿಕೆ ಬರುತ್ತೆ, ಒಂದು ದಿನ ಮಾತ್ರ 20 ನಿಮಿಷ 1,000 ಬಂತು ಅನ್ನಿ. ದಿನದ ಚಿತ್ರದಲ್ಲಿ ಅದು 1,000 ಅಂತಲೇ ಕಾಣುತ್ತೆ. ವಾರದ ಚಿತ್ರಕ್ಕೆ ಹೋದಾಗ 670. ತಿಂಗಳ ಚಿತ್ರದಲ್ಲಿ 175. ವರ್ಷದ ಚಿತ್ರದಲ್ಲಿ? 24.

ಹೌದು, ಬರೀ 24. ಸಾವಿರ ಜನ ಮುಗಿಬಿದ್ದ ಆ 20 ನಿಮಿಷ, ವರ್ಷದ ಗ್ರಾಫಿನಲ್ಲಿ ಗುಳ್ಳೆಯಷ್ಟೂ ಏಳಲ್ಲ. ಯಾರೂ ಸುಳ್ಳು ಹೇಳಿಲ್ಲ, ಯಾರೂ ಅಂಕಿ ತಿದ್ದಿಲ್ಲ. ಭಾಗಾಕಾರ ಮಾಡಿದ್ದಾರೆ ಅಷ್ಟೆ.

ಬಸವನಗುಡಿಯವರಿಗೆ ಇದು ಬೇಗ ಅರ್ಥ ಆಗುತ್ತೆ. ಕಾರ್ತಿಕ ಮಾಸದ ಕಡೇ ಸೋಮವಾರ ಕಡಲೆಕಾಯಿ ಪರಿಷೆ. ದೊಡ್ಡ ಗಣಪತಿ, ದೊಡ್ಡ ಬಸವಣ್ಣನ ಗುಡಿಯ ಮುಂದಿನ ಬುಲ್ ಟೆಂಪಲ್ ರಸ್ತೆಯಲ್ಲಿ ಅವತ್ತು ಕಾಲಿಡೋಕೆ ಜಾಗ ಇರಲ್ಲ. ಆ ರಸ್ತೆಯ ಇಡೀ ವರ್ಷದ ಜನಸಂಚಾರದ ಸರಾಸರಿ ತೆಗೆದು, ‘ಸಾಮಾನ್ಯ ದಿನಕ್ಕಿಂತ ಒಂದಿಷ್ಟು ಹೆಚ್ಚು ಅಷ್ಟೇ, ನಾಲ್ಕು ಪೊಲೀಸರು ಸಾಕು’ ಅಂತ ಯಾರಾದ್ರೂ ಹೇಳಿದ್ರೆ ಗಾಂಧಿಬಜಾರಿನ ಚಿಕ್ಕ ಹುಡುಗನೂ ನಗ್ತಾನೆ. ಸರ್ವರ್ ವಿಷಯದಲ್ಲಿ ಮಾತ್ರ ನಾವು ಇದನ್ನೇ ಗಂಭೀರವಾಗಿ ಮಾಡ್ತೀವಿ. ನಾನು ಕೂತಿದ್ದ ಒಂದು ಮೀಟಿಂಗಿನಲ್ಲಿ (ಎಲ್ಲಿ ಅಂತ ಕೇಳಬೇಡಿ) ವರ್ಷದ ಗ್ರಾಫನ್ನು ಗೋಡೆ ತುಂಬ ತೋರಿಸಿ, ‘ಶೇ 20 ಸೇರಿಸಿದ್ರೆ ಧಾರಾಳ’ ಅಂತ ಒಬ್ಬರು ಹೇಳಿದ್ರು. ಗೆರೆ ತಣ್ಣಗಿತ್ತು. ಗೆರೆ ತಣ್ಣಗಿದ್ದರೆ ಪ್ರಶ್ನೆ ಕೇಳೋರು ಕಡಿಮೆ.

ಈಗಿನ ಸಾಧನಗಳಲ್ಲಿ ಈ ಕಾಟ ಇಲ್ಲ ಅಂದ್ಕೋಬೇಡಿ. ಒಂದು ವರ್ಷದ ಅವಧಿ ಆರಿಸಿದ ತಕ್ಷಣ, ಪರದೆಯ ಅಗಲಕ್ಕೆ ಹಿಡಿಸುವಷ್ಟೇ ಚುಕ್ಕಿ ಬರುತ್ತೆ. ಫೋನಿನಲ್ಲಿ ನೋಡಿದ್ರಂತೂ ಇನ್ನೂ ಕಡಿಮೆ. ಎರಡು ಚುಕ್ಕಿಗಳ ನಡುವೆ ಬಂದು ಹೋದದ್ದು ಬಂದೇ ಇಲ್ಲ ಅನ್ನೋ ಹಾಗೆ ಮಾಯ. ಇದಕ್ಕೆ ಮದ್ದು ಹಳೆಯದೇ: ಸರಾಸರಿಯ ಜೊತೆಗೆ ಗರಿಷ್ಠವನ್ನೂ ಉಳಿಸಿ. ಆರ್‌ಆರ್‌ಡಿಟೂಲ್ ಆಗಲೇ ಆ ಸೌಲಭ್ಯ ಕೊಟ್ಟಿತ್ತು. ‘ಸರಾಸರಿ 24, ಗರಿಷ್ಠ 1,000’ ಅಂತ ಎರಡೂ ಕಂಡಾಗ ಯಾರೂ ಶೇ 20ರ ಮಾತಾಡಲ್ಲ.

ಕೋಡಿ ಬಿದ್ದ ಕೆರೆ

ಇನ್ನೊಂದು ಇದಕ್ಕಿಂತ ಕಷ್ಟದ್ದು. ಗರಿಷ್ಠವನ್ನೇ ನೋಡ್ತಿದ್ದರೂ ಮೋಸ ಹೋಗಬಹುದು.

ಮಲ್ಲೇಶ್ವರಂ ಪಕ್ಕದ ಸ್ಯಾಂಕಿ ಕೆರೆ 1882ರಲ್ಲಿ ಕಟ್ಟಿದ್ದು. ಅದನ್ನೇ ಮನಸ್ಸಿನಲ್ಲಿಟ್ಟುಕೊಳ್ಳಿ. ಮಳೆ ಬರ್ತಾ ಇದ್ದ ಹಾಗೆ ಕೆರೆಯ ನೀರು ಏರುತ್ತೆ. ಮಟ್ಟ ಅಳೆದು ಗ್ರಾಫ್ ಹಾಕಿದ್ರೆ ಗೆರೆ ಏರ್ತಾ ಹೋಗುತ್ತೆ. ಕೋಡಿ ಬಿತ್ತು ಅಂದ್ರೆ? ಅಲ್ಲಿಂದ ಮುಂದೆ ಗೆರೆ ಹೆಚ್ಚುಕಮ್ಮಿ ಚಪ್ಪಟೆ. ಮಳೆ ನಿಂತಿದೆ ಅಂತಲ್ಲ. ಬಂದ ನೀರೆಲ್ಲ ಆಚೆ ಹೋಗ್ತಿದೆ. ಕೋಡಿ ಬಿದ್ದ ಮೇಲೆ ಕೆರೆಯ ಮಟ್ಟ ನೋಡಿ ಎಷ್ಟು ಮಳೆ ಆಯ್ತು ಅಂತ ಹೇಳೋಕಾಗಲ್ಲ.

ಸರ್ವರ್ ಗ್ರಾಫೂ ಹಾಗೇ. ಒಂದು ಸರ್ವರ್‌ಗೆ ಸೆಕೆಂಡಿಗೆ 1,000 ಕೋರಿಕೆಗೆ ಉತ್ತರ ಕೊಡೋ ತಾಕತ್ತಿದ್ದರೆ, 3,000 ಬಂದರೂ ಅದು ಮುಗಿಸಿದ ಕೆಲಸದ ಗ್ರಾಫ್ 1,000ದಲ್ಲೇ ನಿಲ್ಲುತ್ತೆ. ಜನ ತಾವಾಗಿ ಬಂದು ತಾವಾಗಿ ಹೋದ್ರೆ ಗುಡ್ಡದ ತುದಿ ಮೊನಚಾಗಿ, ಅಂಕುಡೊಂಕಾಗಿ ಇರುತ್ತೆ. ತುದಿ ಮೇಜಿನ ಥರ ಚಪ್ಪಟೆಯಾಗಿದ್ರೆ ಅದು ಜನರ ಆಕಾರ ಅಲ್ಲ, ಬಾಗಿಲಿನ ಆಕಾರ. ಆಚೆ ಎಷ್ಟು ಜನ ನಿಂತಿದ್ರು ಅನ್ನೋದು ಆ ಗೆರೆಯಲ್ಲಿ ಇಲ್ಲವೇ ಇಲ್ಲ.

ಹೊಸಬರಿಗೆ ಕೆಲಸ ಹೇಳಿಕೊಡುವಾಗ ನಾನು ಮೊದಲು ತೋರಿಸೋದು ಇದನ್ನೇ. ಚಪ್ಪಟೆ ಗೆರೆ ನೋಡಿದ ತಕ್ಷಣ ಅವರ ಬಾಯಲ್ಲಿ ಬರೋದು ‘ಸ್ಟೇಬಲ್ ಆಗಿದೆ’ ಅನ್ನೋ ಮಾತು. ಸ್ಟೇಬಲ್ಲೇ, ಬಾಗಿಲು ಹಾಕಿದ ಮನೆಯೂ ಸ್ಟೇಬಲ್ಲೇ.

ಬಾಗಿಲಾಚೆಯವರನ್ನು ಎಣಿಸೋ ವಿದ್ಯೆ ನಮಗಿಂತ ಮೊದಲು ಟೆಲಿಫೋನಿನವರಿಗೆ ಗೊತ್ತಿತ್ತು. ಡೆನ್ಮಾರ್ಕಿನ ಎ.ಕೆ. ಎರ್ಲಾಂಗ್ ಕೋಪನ್‌ಹೇಗನ್ ಟೆಲಿಫೋನ್ ಕಂಪನಿಯಲ್ಲಿದ್ದ ಗಣಿತಜ್ಞ. 1909ರಲ್ಲಿ ಫೋನ್ ಕರೆಗಳ ಟ್ರಾಫಿಕ್ ಬಗ್ಗೆ ಮೊದಲ ಲೇಖನ ಬರೆದ್ರು. 1917ರಲ್ಲಿ ಕೊಟ್ಟ ಸೂತ್ರ ಇನ್ನೂ ಮುಖ್ಯ: ಇಷ್ಟು ಲೈನು ಇದ್ದು ಇಷ್ಟು ಕರೆ ಬಂದ್ರೆ, ಎಷ್ಟು ಜನಕ್ಕೆ ಎಂಗೇಜ್ ಟೋನ್ ಕೇಳಿಸುತ್ತೆ ಅನ್ನೋ ಲೆಕ್ಕ. ಮಾತಾಡಿದವರ ಜೊತೆಗೆ ಮಾತಾಡೋಕೆ ಆಗದೇ ಹೋದವರನ್ನೂ ಅವರು ಲೆಕ್ಕಕ್ಕೆ ತಗೊಂಡ್ರು. ಟೆಲಿಫೋನ್ ಟ್ರಾಫಿಕ್ ಅಳೆಯೋ ಮಾನಕ್ಕೆ ಇವತ್ತಿಗೂ ಎರ್ಲಾಂಗ್ ಅಂತಲೇ ಹೆಸರು.

ಬೇಗ ಸಿಕ್ಕ ಉತ್ತರ ‘ಇಲ್ಲ’ ಆಗಿದ್ದರೆ?

ಸರಿ, ಎಷ್ಟು ಹೊತ್ತು ಹಿಡಿಯಿತು ಅನ್ನೋ ಗ್ರಾಫ್ ನೋಡೋಣ ಅಂತೀರಾ? ಅಲ್ಲೂ ಒಂದು ಮುಳ್ಳಿದೆ.

ತುಂಬಿ ತುಳುಕೋ ಸರ್ವರ್ ಒಂದು ಹಂತ ದಾಟಿದ ಮೇಲೆ 503 ಕೊಟ್ಟು ವಾಪಸ್ ಕಳಿಸೋಕೆ ಶುರು ಮಾಡುತ್ತೆ. ಅಂಕಪಟ್ಟಿ ಹುಡುಕಿ ಕೊಡೋಕೆ 3 ಸೆಕೆಂಡ್ ಬೇಕಾದ್ರೆ, ‘ಆಗಲ್ಲ’ ಅನ್ನೋಕೆ ಚಿಟಿಕೆ ಹೊಡೆಯೋಷ್ಟು ಹೊತ್ತೂ ಬೇಡ. ಅರ್ಧ ಜನಕ್ಕೆ ‘ಆಗಲ್ಲ’ ಅಂದ ಕೂಡಲೇ ಸರಾಸರಿ 3 ಸೆಕೆಂಡಿನಿಂದ ಒಂದೂವರೆಗೆ ಇಳಿಯುತ್ತೆ. ಗೆರೆ ಇಳಿದದ್ದು ನೋಡಿ ಕಂಟ್ರೋಲ್ ರೂಮಿನಲ್ಲಿ ನಿಟ್ಟುಸಿರು. ಆ ಹೊತ್ತಿಗೆ ಹೊರಗಡೆ ಅರ್ಧ ಊರು ಬರಿಗೈಲಿ ವಾಪಸ್ ಹೋಗ್ತಿರುತ್ತೆ. ಅದಕ್ಕೇ ಸಿಕ್ಕವರ ಸಮಯ ಬೇರೆ, ಸಿಗದವರ ಸಮಯ ಬೇರೆ ಗೆರೆ ಹಾಕಬೇಕು. ಗೂಗಲ್‌ನವರು 2016ರಲ್ಲಿ ಪ್ರಕಟಿಸಿದ ಸರ್ವರ್ ಕಾಯೋ ವಿದ್ಯೆಯ ಪುಸ್ತಕದಲ್ಲಿ ನಾಲ್ಕು ಸಂಗತಿ ಬಿಡದೇ ನೋಡಿ ಅಂತಾರೆ – ಎಷ್ಟು ಹೊತ್ತು ಹಿಡೀತು, ಎಷ್ಟು ಜನ ಬಂದ್ರು, ಎಷ್ಟು ತಪ್ಪಿತು, ಎಷ್ಟು ತುಂಬಿದೆ. ನಾಲ್ಕನ್ನೂ ಒಟ್ಟಿಗೆ ನೋಡಿದ್ರೇ ಅರ್ಥ. ಒಂದನ್ನೇ ನೋಡಿದ್ರೆ ಆನೆಯ ಬಾಲ ಹಿಡಿದು ಹಗ್ಗ ಅಂದ ಹಾಗೆ.

ಸರಾಸರಿ ಸಮಯದ್ದು ಇನ್ನೊಂದು ಕಥೆ. ವಿದ್ಯಾರ್ಥಿ ಭವನದ ಮುಂದೆ ಭಾನುವಾರ ಬೆಳಗ್ಗೆ 100 ಜನ ದೋಸೆಗೆ ಕಾಯ್ತಿದ್ದಾರೆ ಅಂತ ಕಲ್ಪಿಸಿಕೊಳ್ಳಿ. 90 ಜನ 10 ನಿಮಿಷ ಕಾದ್ರು, 10 ಜನ 70 ನಿಮಿಷ ಕಾದ್ರು. ಸರಾಸರಿ? 16 ನಿಮಿಷ. ಆ ಸಾಲಿನಲ್ಲಿ 16 ನಿಮಿಷ ಕಾದವರು ಒಬ್ಬರೂ ಇಲ್ಲ! ಅದಕ್ಕೆ ನಮ್ಮ ಕೆಲಸದಲ್ಲಿ ಪರ್ಸೆಂಟೈಲ್ ಅಂತ ನೋಡ್ತೀವಿ. ಕಡಿಮೆ ಕಾದವರಿಂದ ಹೆಚ್ಚು ಕಾದವರವರೆಗೆ ಸಾಲಾಗಿ ನಿಲ್ಲಿಸಿ, 95ನೆಯವರನ್ನು ‘ಎಷ್ಟು ಹೊತ್ತಾಯ್ತು ಸಾರ್?’ ಅಂತ ಕೇಳೋದು. ಇಲ್ಲಿ ಉತ್ತರ 70 ನಿಮಿಷ. ಪಿ95, ಪಿ99 ಅಂತ ಡ್ಯಾಶ್‌ಬೋರ್ಡಿನಲ್ಲಿ ಇರೋದು ಇದೇ. ಅಲ್ಲಿರೋದು ಅಂಕಿಯ ಹಿಂದೆ ನಿಂತಿರೋ ಸಾಲಿನ ಕೊನೆಯವರು.

ಧೋನಿ ಔಟಾದ ಗ್ರಾಫ್

ಎಲ್ಲವನ್ನೂ ಒಂದೇ ಗೆರೆಗೆ ಸುರಿದರೂ ಕಷ್ಟ. 2019ರ ಜುಲೈ 10, ಮ್ಯಾಂಚೆಸ್ಟರ್, ವಿಶ್ವಕಪ್ ಸೆಮಿಫೈನಲ್. ಮಳೆಯಿಂದ ಎರಡನೇ ದಿನಕ್ಕೆ ಹೋದ ಮ್ಯಾಚು. ಹಾಟ್‌ಸ್ಟಾರ್‌ನಲ್ಲಿ ಅವತ್ತು ಏಕಕಾಲಕ್ಕೆ 2.53 ಕೋಟಿ ಜನ ನೋಡ್ತಿದ್ರು. ಗಪ್ಟಿಲ್ ಎಸೆದ ಚೆಂಡು ನೇರ ವಿಕೆಟ್ಟಿಗೆ ಬಡಿದು ಧೋನಿ ರನೌಟ್. ಗೆರೆ ಬಂಡೆಯ ಮೇಲಿಂದ ಬಿದ್ದ ಹಾಗೆ ಬಿತ್ತು.

ಜನ ಹೋದ್ರಲ್ಲ, ಸರ್ವರ್‌ಗೆ ಆರಾಮ ಅನ್ನಿಸುತ್ತೆ. ಆದ್ರೆ ಹೋಗೋರು ಹೇಗೆ ಹೋಗ್ತಾರೆ? ‘ಬ್ಯಾಕ್’ ಒತ್ತಿ. ಬ್ಯಾಕ್ ಒತ್ತಿದ್ರೆ ಬರೋದು ಮುಖಪುಟ. ಕೋಟಿಗಟ್ಟಲೆ ಜನ ಕೆಲವೇ ಕ್ಷಣಗಳಲ್ಲಿ ಮುಖಪುಟ ಕೇಳ್ತಾರೆ. ವಿಡಿಯೋದ ಗೆರೆ ಪಾತಾಳಕ್ಕೆ ಇಳಿಯೋ ಹೊತ್ತಿಗೆ ಮುಖಪುಟದ ಗೆರೆ ಆಕಾಶಕ್ಕೆ. ಹಾಟ್‌ಸ್ಟಾರ್‌ನ ಎಂಜಿನಿಯರುಗಳು ಇದನ್ನು ಬಹಿರಂಗ ಭಾಷಣಗಳಲ್ಲೇ ವಿವರಿಸಿದ್ದಾರೆ. ಏರಿಕೆಯಷ್ಟೇ ಇಳಿಕೆಗೂ ತಯಾರಿ ಬೇಕು ಅನ್ನೋದು ಅವರ ಪಾಠ. ಒಟ್ಟು ಟ್ರಾಫಿಕ್ ಅಂತ ಒಂದೇ ಗೆರೆ ಇಟ್ಟುಕೊಂಡಿದ್ದರೆ ಇದು ಕಾಣ್ತಾನೇ ಇರಲಿಲ್ಲ.

ಚಾಮರಾಜಪೇಟೆಯ ನೋಟ್‌ಬುಕ್

ಇಷ್ಟೆಲ್ಲ ಗೆರೆ ಸರಿ ಇಟ್ಟುಕೊಂಡ ಮೇಲೂ ಒಂದು ಉಳಿಯುತ್ತೆ. ಅದನ್ನು ನಾನು ನೋಡಿದ್ದು ಯಾವ ಪರದೆಯಲ್ಲೂ ಅಲ್ಲ, ಚಾಮರಾಜಪೇಟೆಯ ಒಂದು ಜೆರಾಕ್ಸ್ ಅಂಗಡಿಯಲ್ಲಿ.

ಯಾವುದೋ ಕೆಲಸಕ್ಕೆ ಹೋಗಿದ್ದೆ. ಅವತ್ತು ಒಂದು ಪರೀಕ್ಷೆಯ ಫಲಿತಾಂಶ. ಯಾವ ಪರೀಕ್ಷೆ, ಯಾವ ಸೈಟು ಅನ್ನೋದು ಬೇಡ. ಅಂಗಡಿಯವರ ಮುಂದೆ ಒಂದು ಉದ್ದ ನೋಟ್‌ಬುಕ್. ಅದರಲ್ಲಿ ಪೆನ್ಸಿಲಿನಲ್ಲಿ ಬರೆದ ರಿಜಿಸ್ಟರ್ ನಂಬರುಗಳು, ಮೂವತ್ತರ ಮೇಲೆ. ಗಾರ್ಮೆಂಟ್ಸ್ ಕೆಲಸಕ್ಕೆ ಹೊರಟ ಅಮ್ಮಂದಿರು, ಆಟೋ ಓಡಿಸೋ ಅಪ್ಪಂದಿರು ಬೆಳಗ್ಗೆಯೇ ಬಂದು ‘ನೋಡಿ ಇಡಿ ಅಣ್ಣ’ ಅಂತ ಬರೆಸಿ ಹೋಗಿದ್ದು. ಅವರು ಒಂದೊಂದೇ ನಂಬರ್ ಹಾಕಿ, ಬಂದ ಅಂಕ ನೋಡಿ, ಪ್ರಿಂಟ್ ತೆಗೆದು, ನೋಟ್‌ಬುಕ್ಕಿನಲ್ಲಿ ಟಿಕ್ ಹಾಕ್ತಿದ್ರು.

ಹತ್ತೋ ಹನ್ನೆರಡೋ ಆದ ಮೇಲೆ ಪುಟ ಬರೋದು ನಿಂತಿತು. ‘ತುಂಬಾ ಸಲ ಕೇಳಿದ್ದೀರಿ, ಸ್ವಲ್ಪ ಹೊತ್ತಿನ ನಂತರ ಪ್ರಯತ್ನಿಸಿ’ ಅನ್ನೋ ಅರ್ಥದ ಒಂದು ಸಾಲು ಬಂತು. ಅವರು ‘ಸರ್ವರ್ ಬಿಜಿ’ ಅಂದ್ರು. ನನಗೆ ಗೊತ್ತಾಯ್ತು, ಅದು ಬಿಜಿ ಅಲ್ಲ.

ಫಲಿತಾಂಶದ ಸೈಟುಗಳಿಗೆ ಮನುಷ್ಯರ ಜೊತೆ ಯಂತ್ರಗಳೂ ಬರುತ್ತವೆ. ಎಲ್ಲ ನಂಬರುಗಳನ್ನೂ ಸಾಲಾಗಿ ಹಾಕಿ ಇಡೀ ರಾಜ್ಯದ ಅಂಕ ಬಾಚಿಕೊಳ್ಳೋ ಪ್ರೋಗ್ರಾಂಗಳು. ಅವನ್ನು ತಡೆಯೋಕೆ ಒಂದೇ ವಿಳಾಸದಿಂದ ಇಷ್ಟಕ್ಕಿಂತ ಹೆಚ್ಚು ಬಂದರೆ 429 ಅನ್ನೋ ಸಂಕೇತ ಕೊಟ್ಟು ನಿಲ್ಲಿಸ್ತೀವಿ. ನಾನೂ ನನ್ನ ಕೆಲಸದಲ್ಲಿ ಇಂಥ ನಿಯಮ ಬರೆಯೋನೇ. ಬೇಕಾದದ್ದೇ. ಆದ್ರೆ ಸರ್ವರ್ ಕಣ್ಣಿಗೆ ಆ ಅಂಗಡಿ ಹೇಗೆ ಕಾಣುತ್ತೆ ಯೋಚಿಸಿ: ಒಂದೇ ವಿಳಾಸ, ಒಂದಾದ ಮೇಲೊಂದು ಬೇರೆ ಬೇರೆ ನಂಬರ್, ಬಿಡುವಿಲ್ಲದ ಕೋರಿಕೆ. ಥೇಟ್ ಯಂತ್ರ. ಅಂಗಡಿಯೊಂದೇ ಅಲ್ಲ, ಮೊಬೈಲ್ ಕಂಪನಿಗಳೂ ಎಷ್ಟೋ ಗ್ರಾಹಕರನ್ನು ಒಂದೇ ಸಾರ್ವಜನಿಕ ವಿಳಾಸದ ಹಿಂದೆ ಕೂರಿಸುತ್ತವೆ. ಯಾರೋ ಪಕ್ಕದವರು ಹೆಚ್ಚು ಕೇಳಿದ್ದಕ್ಕೆ ನಿಮಗೆ ಬಾಗಿಲು ಹಾಕಬಹುದು.

ಯಾವುದೋ ಕಂಟ್ರೋಲ್ ರೂಮಿನಲ್ಲಿ ಆ ಹೊತ್ತಿಗೆ ‘ತಡೆದ ಅನಗತ್ಯ ಕೋರಿಕೆ’ ಅನ್ನೋ ಗೆರೆ ಒಂದು ಕೂದಲೆಳೆಯಷ್ಟು ಏರಿರುತ್ತೆ. ಅಂಥ ಗೆರೆಗೆ ಸಾಮಾನ್ಯವಾಗಿ ಹಸಿರು ಬಣ್ಣ ಕೊಡ್ತಾರೆ, ಒಳ್ಳೆ ಸುದ್ದಿ ಅಂತ. ಆ ಹಸಿರಿನೊಳಗೆ ಇಪ್ಪತ್ತು ಮಕ್ಕಳಿದ್ರು.

ಅವತ್ತು ಅಂಗಡಿಯವರು ತಮ್ಮ ಫೋನಿನ ಡೇಟಾ ಹಾಕಿ, ಆಮೇಲೆ ನನ್ನ ಫೋನಿನದ್ದೂ ತಗೊಂಡು, ನಿಧಾನಕ್ಕೆ ಪಟ್ಟಿ ಮುಗಿಸಿದ್ರು. ಒಂದು ನಂಬರಿನ ಮುಂದೆ ಟಿಕ್ ಹಾಕದೆ ಸುಮ್ಮನೆ ಒಂದು ಗೆರೆ ಎಳೆದ್ರು. ಪ್ರಿಂಟ್ ತೆಗೆಯಲಿಲ್ಲ. ‘ಇವ್ರಮ್ಮ ಬಂದಾಗ ನಾನೇ ಹೇಳ್ತೀನಿ, ಪೇಪರ್ ಕೈಗೆ ಕೊಟ್ಟು ಕಳ್ಸಲ್ಲ’ ಅಂದ್ರು. ಆ ನೋಟ್‌ಬುಕ್ಕಿಗೆ ತನ್ನ ಬಳಕೆದಾರರು ಯಾರು ಅಂತ ಚೆನ್ನಾಗಿ ಗೊತ್ತಿತ್ತು.

ನಾನು ಇದರಿಂದ ಕಲಿತದ್ದು ಇಷ್ಟು. ಯಾರನ್ನಾದ್ರೂ ತಡೆಯೋ ನಿಯಮ ಹಾಕಿದ್ರೆ, ತಡೆದವರಲ್ಲಿ ಒಂದಿಷ್ಟನ್ನು ಆಗಾಗ ಕೈಯಾರೆ ತೆಗೆದು ನೋಡಬೇಕು. ನಿಮಿಷಕ್ಕೆ ಐದಾರು ನಂಬರ್ ಹಾಕೋದು ಬಹುಶಃ ಮನುಷ್ಯ. ಸೆಕೆಂಡಿಗೆ ಐವತ್ತು ಹಾಕೋದು ಯಂತ್ರ. ಎರಡರ ನಡುವೆ ಬೇಕಾದಷ್ಟು ಅಂತರ ಇದೆ, ಬೇಲಿ ಎಲ್ಲಿ ಹಾಕಬೇಕು ಅಂತ ನೋಡಿದ್ರೆ ಕಾಣುತ್ತೆ.

ಗುಡ್ಡ ಒಡೆಯೋ ದಾರಿ

ಗ್ರಾಫನ್ನು ಸರಿಯಾಗಿ ಓದಿದ್ರೆ ಪ್ರತಿ ಸಲ ಹೊಸ ಸರ್ವರ್ ಕೊಳ್ಳಬೇಕಾಗಿಲ್ಲ. ರೈಲ್ವೆ ತತ್ಕಾಲ್ ನೋಡಿ. ಮೊದಲು ಎಲ್ಲ ದರ್ಜೆಗೂ ಬೆಳಗ್ಗೆ 10ಕ್ಕೇ ಬುಕಿಂಗ್ ಶುರು ಆಗ್ತಿತ್ತು. 2015ರ ಜೂನ್‌ನಲ್ಲಿ ಎಸಿಗೆ 10 ಗಂಟೆ, ಎಸಿ ಅಲ್ಲದ್ದಕ್ಕೆ 11 ಗಂಟೆ ಅಂತ ಬೇರೆ ಮಾಡಿದ್ರು. ಒಂದು ದೊಡ್ಡ ಗುಡ್ಡ ಎರಡು ಚಿಕ್ಕ ಗುಡ್ಡ ಆಯ್ತು. ಖರ್ಚು ಅಂದ್ರೆ ಗಡಿಯಾರದ ಒಂದು ಗಂಟೆ.

ಫಲಿತಾಂಶಕ್ಕೆ ಇನ್ನೂ ಒಂದು ಅನುಕೂಲ ಇದೆ. ಬ್ಯಾಂಕ್ ಬ್ಯಾಲೆನ್ಸಿನ ಹಾಗೆ ಅಂಕ ಗಳಿಗೆಗೊಮ್ಮೆ ಬದಲಾಗಲ್ಲ. ಒಂದು ಸಲ ಲೆಕ್ಕ ಮಾಡಿ ಸಿದ್ಧ ಪುಟವಾಗಿ ಹಲವು ಕಡೆ ನಕಲು ಇಟ್ಟರೆ, ಡೇಟಾಬೇಸ್ ಪ್ರತಿ ಸಲ ಹುಡುಕಬೇಕಾಗಿಲ್ಲ. ಪರಿಷೆಯ ದಿನ ಒಂದೇ ರಾಶಿಯಿಂದ ಎಲ್ಲರಿಗೂ ಕಡಲೆಕಾಯಿ ಅಳೆಯೋ ಬದಲು, ಸೇರು ಸೇರು ಪೊಟ್ಟಣ ಕಟ್ಟಿ ಹತ್ತು ಅಂಗಡಿಯಲ್ಲಿ ಇಟ್ಟ ಹಾಗೆ.

ಇನ್ನು ನಿಮ್ಮ ಆಫೀಸಿನ ಡ್ಯಾಶ್‌ಬೋರ್ಡಿಗೆ. ಸೋಮವಾರ ಹೋಗಿ ಈ ಐದು ಪ್ರಶ್ನೆ ಕೇಳಿ ನೋಡಿ.

ಒಂದು, ಈ ಒಂದು ಚುಕ್ಕಿ ಎಷ್ಟು ನಿಮಿಷದ ಸರಾಸರಿ? ಅವಧಿ ಹಿಗ್ಗಿಸಿದಾಗ ಅದು ಬದಲಾಗುತ್ತಾ?

ಎರಡು, ತುದಿ ಮೊನಚಾಗಿದೆಯೋ ಚಪ್ಪಟೆಯೋ? ಚಪ್ಪಟೆ ಇದ್ದರೆ ಆಚೆ ನಿಂತವರನ್ನು ಎಣಿಸೋ ಗೆರೆ ಎಲ್ಲಿ?

ಮೂರು, ಸಮಯದ ಗ್ರಾಫಿನಲ್ಲಿ ‘ಆಗಲ್ಲ’ ಅಂದ ಉತ್ತರಗಳನ್ನು ಸೇರಿಸಿದ್ದಾರಾ?

ನಾಲ್ಕು, 95ನೆಯವರಿಗೆ ಎಷ್ಟು ಹೊತ್ತಾಯ್ತು?

ಐದು, ತಡೆದವರ ಪಟ್ಟಿಯನ್ನು ಕಡೇ ಸಲ ಮನುಷ್ಯರ ಕಣ್ಣು ನೋಡಿದ್ದು ಯಾವಾಗ?

ಐಟಿ ಕೆಲಸ ನಿಮ್ಮದಲ್ಲದಿದ್ದರೂ ಒಂದು ಸಹಾಯ ಮಾಡಬಹುದು. ಮುಂದಿನ ಫಲಿತಾಂಶದ ದಿನ ಮನೆಯ ಐದು ಫೋನಿನಿಂದ ಒಂದೇ ನಂಬರ್ ಹಾಕಬೇಡಿ. ಒಬ್ಬರು ನೋಡಿ, ಸ್ಕ್ರೀನ್‌ಶಾಟ್ ಕುಟುಂಬದ ಗ್ರೂಪಿಗೆ ಹಾಕಿ. ಪುಟ ಬರದಿದ್ದರೆ ರಿಫ್ರೆಶ್ ಒತ್ತೋ ಬದಲು ಎದ್ದು ಹೋಗಿ ಕಾಫಿ ಕಾಸಿ, ಹತ್ತು ನಿಮಿಷ ಬಿಟ್ಟು ಬನ್ನಿ. ಅಂಕ ಅಲ್ಲೇ ಇರುತ್ತೆ, ಎಲ್ಲೂ ಓಡಿ ಹೋಗಲ್ಲ. ನೀವು ಬಿಟ್ಟುಕೊಟ್ಟ ಆ ಹತ್ತು ನಿಮಿಷದಲ್ಲಿ, ಒಂದೇ ಫೋನಿರೋ ಮನೆಯ ಮಗುವೊಂದು ಬಾಗಿಲು ದಾಟಿ ಒಳಗೆ ಹೋಗಿರುತ್ತೆ.